ಮೂರನೇ ಸಲ ಹೆಡ್ ಆಫೀಸಿನಿಂದ ಬಾಸ್ ಬರುತ್ತಿದ್ದಾರೆ. ನಾನು ಮತ್ತೆ ಎರಡನೇ ಕುರ್ಚಿಯಲ್ಲೇ ಇರಬೇಕಾ?

ಎರಡನೇ ಕುರ್ಚಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು. ಆದರೂ ಪೂರ್ತಿ ಓದಿ, ನಿಮಗೆ ಅನಿಸಿದ್ದನ್ನು ಹೇಳಿ.

ನಾನು ಹೊರದೇಶದ ಕಂಪನಿಯೊಂದರ ಇಲ್ಲಿನ ಘಟಕದಲ್ಲಿ ಉತ್ಪಾದನೆ ಮತ್ತು ಸರಬರಾಜು ನೋಡಿಕೊಳ್ಳುತ್ತೇನೆ. ಸೇರಿ 16 ವರ್ಷ ಆಯ್ತು. ಘಟಕದ ಮುಖ್ಯಸ್ಥರ ಕುರ್ಚಿಗೆ ಮೊದಲಿನಿಂದಲೂ ಹೆಡ್ ಆಫೀಸಿನವರೇ ಬರುತ್ತಾರೆ. ಮೂರು ವರ್ಷ ಇರುತ್ತಾರೆ, ಹೋಗುತ್ತಾರೆ. ಅವರ ಕೆಳಗೆ ಎರಡನೆಯವನು ನಾನು. ನಾನು ಈ ಜಾಗಕ್ಕೆ ಬಂದ ಮೇಲೆ ಇಬ್ಬರು ಬಂದು ಹೋದರು. ಮೂರನೆಯವರು ಬರುತ್ತಿದ್ದಾರೆ ಅಂತ ಹೋದ ವಾರ ಮೇಲ್ ಬಂತು.

ಮೊದಲೇ ಹೇಳಿಬಿಡುತ್ತೇನೆ, ನನಗೆ ಅವರಿಬ್ಬರ ಮೇಲೂ ದ್ವೇಷ ಇಲ್ಲ. ಮೊದಲನೆಯವರಿಂದ ತುಂಬ ಕಲಿತೆ. ಯಂತ್ರದ ಹತ್ತಿರ ಏನಾದರೂ ಸರಿ ಇಲ್ಲ ಅನಿಸಿದರೆ ಯಾವ ಕೆಲಸಗಾರ ಬೇಕಾದರೂ ಲೈನ್ ನಿಲ್ಲಿಸಬಹುದು, ಯಾರೂ ಬೈಯುವಂತಿಲ್ಲ ಅನ್ನುವ ನಿಯಮ ತಂದವರು ಅವರೇ. ಮೊದಲ ದಿನ ಒಬ್ಬ ಹುಡುಗ ಹೆದರುತ್ತಾ ಬಟನ್ ಒತ್ತಿದ. ಅವರು ತಾವೇ ಕೆಳಗೆ ಇಳಿದು ಹೋಗಿ ಅವನ ಕೈ ಕುಲುಕಿದರು. ಅದನ್ನು ನಾನು ಮರೆತಿಲ್ಲ.

ನನ್ನ ಸಂಕಟ ಬೇರೆ. ಎರಡನೆಯವರ ಕಾಲದಲ್ಲಿ ಆದ ಒಂದು ವಿಷಯ ಹೇಳುತ್ತೇನೆ. ಹೊರಗಿನಿಂದ ಬರುವ ಒಂದು ಬಿಡಿಭಾಗದ ದಾಸ್ತಾನನ್ನು 30 ದಿನದಿಂದ 12 ದಿನಕ್ಕೆ ಇಳಿಸಬೇಕು ಅಂತ ಹೆಡ್ ಆಫೀಸ್ ಹೇಳಿತು. ಆಗಲ್ಲ ಅಂತ ನಾನು ಎರಡು ಪುಟ ಬರೆದೆ. ಹಿಂದಿನ ಎರಡು ವರ್ಷದಲ್ಲಿ ಬಂದ 24 ಸಾಗಣೆಗಳಲ್ಲಿ 9 ಸಾಗಣೆ ಒಂದು ವಾರಕ್ಕಿಂತ ಜಾಸ್ತಿ ತಡವಾಗಿದ್ದವು. ಒಂದೊಂದರ ದಿನಾಂಕವನ್ನೂ ಹಾಕಿದ್ದೆ.

ಆಮೇಲೆ ವಿಡಿಯೊ ಕಾಲ್. ಮೊದಲ ಇಪ್ಪತ್ತು ನಿಮಿಷ ಇಂಗ್ಲಿಷ್‌ನಲ್ಲೇ ನಡೆಯಿತು. ನನ್ನ ಪುಟವೇ ಪರದೆ ಮೇಲಿತ್ತು. ಅಷ್ಟರಲ್ಲಿ ಆ ಕಡೆಯಿಂದ ಯಾರೋ ತಮ್ಮ ಭಾಷೆಯಲ್ಲಿ ಏನೋ ಕೇಳಿದರು. ನಮ್ಮ ಬಾಸ್ ಅದೇ ಭಾಷೆಯಲ್ಲಿ ಉತ್ತರ ಕೊಟ್ಟರು. ಅಲ್ಲಿಂದ ಮುಂದೆ ಹನ್ನೊಂದು ನಿಮಿಷ ಅವರ ಭಾಷೆಯಲ್ಲೇ. ಪರದೆಯ ಮೂಲೆಯಲ್ಲಿದ್ದ ಗಡಿಯಾರ ನೋಡುತ್ತಾ ಕೂತಿದ್ದೆ, ಅದಕ್ಕೇ ಹನ್ನೊಂದು ಅಂತ ಗೊತ್ತು. ನನಗೆ ಅರ್ಥವಾದದ್ದು ಎರಡೇ: ನಮ್ಮ ಬಿಡಿಭಾಗದ ಹೆಸರು ಮತ್ತು ಹನ್ನೆರಡು ಅನ್ನುವ ಸಂಖ್ಯೆ. ಕೊನೆಗೆ ಬಾಸ್ ನನ್ನ ಕಡೆ ತಿರುಗಿ, 'ಚೆನ್ನಾಗಿ ಚರ್ಚೆ ಆಯ್ತು, ಹನ್ನೆರಡಕ್ಕೆ ಹೋಗೋಣ' ಅಂದರು.

ನಾಲ್ಕು ತಿಂಗಳ ನಂತರ ಒಂದು ಸಾಗಣೆ ತಡವಾಯಿತು. ಲೈನ್ ಆರು ದಿನ ನಿಂತಿತು. ಹೆಡ್ ಆಫೀಸಿಗೆ ಹೋದ ವರದಿಯಲ್ಲಿ ಕಾರಣದ ಸಾಲಿನಲ್ಲಿ 'ಸ್ಥಳೀಯ ಯೋಜನೆಯ ಲೋಪ' ಅಂತ ಇತ್ತು. ಸ್ಥಳೀಯ ಅಂದರೆ ನಾನೇ.

ಆ ಬಾಸ್ ಬಡ್ತಿ ಪಡೆದು ವಾಪಸ್ ಹೋದರು. ಮುಂದಿನವರಿಗೆ ಹ್ಯಾಂಡೋವರ್ ಫೈಲ್ ಮಾಡಿಡುವ ಕೆಲಸ ಮಾತ್ರ ನನ್ನದೇ. ಈ ಸಲ 43 ಪುಟ ಆಗಿದೆ. ಯಾವ ಸರಬರಾಜುದಾರರ ಮಾತು ನಂಬಬಹುದು, ಯೂನಿಯನ್ ಜೊತೆ ಯಾವ ವಿಷಯ ಯಾವಾಗ ಎತ್ತಬೇಕು, ಯಾವ ಯಂತ್ರ ಯಾವ ತಿಂಗಳಲ್ಲಿ ಕೈ ಕೊಡುತ್ತದೆ, ಎಲ್ಲ ಅದರಲ್ಲಿದೆ. ಬರೆಯುತ್ತಾ ಬರೆಯುತ್ತಾ ಕೈ ನಿಂತುಹೋಯಿತು. ಈ 43 ಪುಟ ಗೊತ್ತಿರುವವನು ಇಲ್ಲೇ ಕೂತಿದ್ದಾನೆ. ಅದನ್ನು ಓದಬೇಕಾದವರು ಅವನ ಬಾಸ್ ಆಗುತ್ತಾರೆ. ಯಾಕೆ?

ಸಂಬಳದ ಮಾತು ಬೇಡ ಅಂದುಕೊಂಡಿದ್ದೆ. ಆದರೆ ಅದೂ ಚುಚ್ಚುತ್ತದೆ. ಬಾಸ್‌ಗೆ ಮನೆ, ಕಾರು, ಮಕ್ಕಳ ಶಾಲೆ, ತೆರಿಗೆ ಎಲ್ಲ ಕಂಪನಿಯದ್ದೇ. ಕಡತಕ್ಕೆ ಸಹಿ ಹಾಕುವಾಗ ಕಣ್ಣಿಗೆ ಬೀಳುತ್ತದೆ.

ಬಿಟ್ಟು ಹೋಗಲಾ? ಅಥವಾ ಇದ್ದುಕೊಂಡು ಮಾಡುವಂಥದ್ದು ಏನಾದರೂ ಇದೆಯಾ?

ಸಂಬಳದ ಲೆಕ್ಕ (ಉತ್ತರ)

ನಾನು ಎಚ್‌ಆರ್‌ನಲ್ಲಿದ್ದೇನೆ. ಹನ್ನೆರಡು ವರ್ಷದಿಂದ ಎಕ್ಸ್‌ಪ್ಯಾಟ್, ಅಂದರೆ ಕಂಪನಿ ಬೇರೆ ದೇಶದ ಘಟಕಕ್ಕೆ ಕಳಿಸುವವರ ಒಪ್ಪಂದಗಳನ್ನು ತಯಾರಿಸುವುದೇ ಕೆಲಸ. ನಿಮ್ಮ 'ಯಾಕೆ' ಅನ್ನುವ ಪ್ರಶ್ನೆಗೆ ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಕಂಪನಿಗಳು ತಮ್ಮ ಜನರನ್ನು ಬೇರೆ ದೇಶಕ್ಕೆ ಕಳಿಸುವುದಕ್ಕೆ ಮೂರು ಕಾರಣ ಅಂತ ಎಡ್‌ಸ್ಟ್ರಾಮ್ ಮತ್ತು ಗಾಲ್‌ಬ್ರೈತ್ ಅನ್ನುವ ಸಂಶೋಧಕರು 1977ರಲ್ಲೇ ಬರೆದಿದ್ದಾರೆ. ಒಂದು, ಆ ಕೆಲಸ ಮಾಡಬಲ್ಲವರು ಅಲ್ಲಿ ಸಿಗದೇ ಇರುವುದು. ಎರಡು, ಹೋಗುವವನು ಕಲಿತು ಬೆಳೆಯಲಿ ಅನ್ನುವುದು. ಮೂರು, ದೂರದ ಘಟಕವನ್ನು ಹೆಡ್ ಆಫೀಸಿನ ಜೊತೆ ಕಟ್ಟಿಹಾಕುವುದು. ಅಂದರೆ ಹಿಡಿತ ಮತ್ತು ಹೊಂದಾಣಿಕೆ. ಈ ಮೂರನ್ನು ತಿಳಿದುಕೊಂಡ ಮೇಲೆ ನನಗೆ ಎಷ್ಟೋ ಒಪ್ಪಂದಗಳು ಅರ್ಥವಾದವು.

ನಿಮ್ಮ ಘಟಕದಲ್ಲಿ ಮೊದಲ ಕಾರಣ ಎಂದೋ ಮುಗಿದಿದೆ. ಕೆಲಸ ಗೊತ್ತಿರುವವರು ನೀವೇ ಇದ್ದೀರಿ. ಉಳಿದಿರುವುದು ಎರಡನೆಯದು ಮತ್ತು ಮೂರನೆಯದು. ಬರುವವರಿಗೆ ಇದು ಮುಂದಿನ ಮೆಟ್ಟಿಲು, ಹೆಡ್ ಆಫೀಸಿಗೆ ಇದು ನೆಮ್ಮದಿ. ಇಲ್ಲಿ ನಿಮ್ಮ ಯೋಗ್ಯತೆಯನ್ನು ಯಾರೂ ತೂಗಿ ಕಡಿಮೆ ಅಂದಿಲ್ಲ. ತೂಗಿಯೇ ಇಲ್ಲ. ಹಾಗಾಗಿ ಇನ್ನೂ ಚೆನ್ನಾಗಿ ಕೆಲಸ ಮಾಡಿದರೆ ಕುರ್ಚಿ ಸಿಗುತ್ತದೆ ಅಂತ ಕಾದರೆ ಸಿಗುವುದಿಲ್ಲ. 'ಇವನಿಗೆ ಕೊಟ್ಟರೂ ನಮ್ಮ ಹಿಡಿತ ತಪ್ಪುವುದಿಲ್ಲ' ಅಂತ ಅವರಿಗೆ ಅನಿಸಬೇಕು. ಅದು ಬೇರೆಯದೇ ಕೆಲಸ.

ಸಂಬಳದ ಬಗ್ಗೆ. ಹೆಚ್ಚಿನ ಕಂಪನಿಗಳು ಬ್ಯಾಲೆನ್ಸ್ ಶೀಟ್ ಪದ್ಧತಿಯಲ್ಲಿ ಲೆಕ್ಕ ಹಾಕುತ್ತವೆ. ಹೋಗುವವನ ಊರಿನ ಸಂಬಳವನ್ನು ನಾಲ್ಕು ಭಾಗ ಮಾಡುತ್ತಾರೆ: ಮನೆ, ದಿನನಿತ್ಯದ ಖರ್ಚು, ತೆರಿಗೆ, ಉಳಿತಾಯ. ಹೊಸ ಜಾಗದಲ್ಲಿ ಯಾವುದಕ್ಕೆ ಜಾಸ್ತಿ ಬೀಳುತ್ತದೋ ಆ ವ್ಯತ್ಯಾಸವನ್ನು ಕಂಪನಿ ತುಂಬುತ್ತದೆ. ಅದರ ಮೇಲೆ ಶಾಲೆ, ವಿಮಾನ ಟಿಕೆಟ್, ಕಷ್ಟದ ಜಾಗ ಅಂತ ಭತ್ಯೆ. ತನ್ನ ಊರಿನ ಸಹೋದ್ಯೋಗಿಗಿಂತ ಅವನಿಗೆ ನಷ್ಟ ಆಗಬಾರದು, ಅಷ್ಟೇ ಗುರಿ. ಪಕ್ಕದ ಕೋಣೆಯಲ್ಲಿ ಕೂತಿರುವ ನೀವು ಆ ಲೆಕ್ಕದಲ್ಲೇ ಇಲ್ಲ. ಅನ್ಯಾಯ ಅನಿಸುವುದು ಅಲ್ಲಿಂದ ಹುಟ್ಟುತ್ತದೆ, ಮತ್ತು ಅನಿಸುವುದರಲ್ಲಿ ತಪ್ಪಿಲ್ಲ.

ಚೀನಾದಲ್ಲಿ ಹೊರದೇಶದವರ ಜೊತೆ ಸೇರಿ ನಡೆಸುವ ಕಂಪನಿಗಳ ಸ್ಥಳೀಯ ನೌಕರರ ಮೇಲೆ ಮಾಡಿದ ಒಂದು ಅಧ್ಯಯನ 2002ರಲ್ಲಿ ಬಂತು. ಎಕ್ಸ್‌ಪ್ಯಾಟ್‌ಗಿಂತ ತಮಗೆ ಕಡಿಮೆ ಅಂತ ಅವರಿಗೂ ಅನ್ಯಾಯ ಅನಿಸುತ್ತಿತ್ತು. ಆದರೆ ಬೇರೆ ವಿದೇಶಿ ಕಂಪನಿಗಳ ಸ್ಥಳೀಯರಿಗಿಂತ ತಮಗೆ ಜಾಸ್ತಿ ಬರುತ್ತಿದ್ದರೆ ಆ ಉರಿ ಕಡಿಮೆಯಾಗುತ್ತಿತ್ತು. ಎಕ್ಸ್‌ಪ್ಯಾಟ್ ಅವರ ಜೊತೆ ಕಾಳಜಿಯಿಂದ ನಡೆದುಕೊಂಡರೂ ಹಾಗೆಯೇ. ಎಚ್‌ಆರ್‌ನಲ್ಲಿ ಕೂತು ನೋಡಿದ್ದಕ್ಕೆ ಇದು ಸರಿಯಾಗಿ ಹೊಂದುತ್ತದೆ.

ನಿಮ್ಮ ಕಡೆಯಿಂದ ಕೇಳಬಹುದಾದ್ದು ಒಂದಿದೆ. ಹೊಸಬರ ಒಪ್ಪಂದದಲ್ಲಿ 'ಸ್ಥಳೀಯ ಉತ್ತರಾಧಿಕಾರಿಯನ್ನು ತಯಾರು ಮಾಡುವುದು' ಅನ್ನುವ ಗುರಿ ಇದೆಯಾ, ಅವರ ಬೋನಸ್‌ಗೆ ಅದು ಸೇರಿದೆಯಾ ಅಂತ ಎಚ್‌ಆರ್ ಅನ್ನು ಲಿಖಿತವಾಗಿ ಕೇಳಿ. ಇಲ್ಲ ಅಂದರೆ ಸೇರಿಸಿ ಅನ್ನಿ. ನಾನು ಹಾಗೆ ಸೇರಿಸಿದ ಒಪ್ಪಂದಗಳಿವೆ. ಸೇರಿಸಿದರೆ ಎಲ್ಲ ಆಗಿಬಿಡುತ್ತದೆ ಅಂತಲ್ಲ. ಆದರೆ ಬರೆಯದೇ ಇದ್ದದ್ದು ಮೂರು ವರ್ಷದಲ್ಲಿ ಯಾರ ನೆನಪಿಗೂ ಬರುವುದಿಲ್ಲ.

ಹೋಗಿ ಬಂದವನು (ಉತ್ತರ)

ನಿಮ್ಮ ಹನ್ನೊಂದು ನಿಮಿಷ ಓದಿ ನನಗೆ ಕಸಿವಿಸಿ ಆಯ್ತು. ಯಾಕಂದರೆ ಆ ಕುರ್ಚಿಯಲ್ಲಿ ನಾನು ಕೂತಿದ್ದೆ. ನಮ್ಮ ಕಂಪನಿ ನನ್ನನ್ನು ಬೇರೆ ದೇಶದ ಘಟಕಕ್ಕೆ ಮೂರು ವರ್ಷ ಮುಖ್ಯಸ್ಥನಾಗಿ ಕಳಿಸಿತ್ತು. ಅಲ್ಲಿ ನನಗೂ ಒಬ್ಬ ಎರಡನೆಯವರು ಇದ್ದರು. ನನಗಿಂತ ಒಂಬತ್ತು ವರ್ಷ ದೊಡ್ಡವರು.

ಭಾಷೆ ಬದಲಾಗುವುದು ಬೇಕಂತ ಮಾಡುವುದಲ್ಲ, ನಂಬಿ. ಸುಸ್ತಾದಾಗ, ಅವಸರ ಇದ್ದಾಗ, ಹೇಳಲು ಕಷ್ಟವಾದದ್ದನ್ನು ಹೇಳಬೇಕಾದಾಗ ಬಾಯಿ ತಾನಾಗಿ ಮನೆಮಾತಿಗೆ ಹೊರಳುತ್ತದೆ. ಆದರೆ ಯೋಚನೆ ಮಾಡಿ, ತೀರ್ಮಾನ ಆಗುವುದೂ ಅದೇ ಹೊತ್ತಿನಲ್ಲಿ. ಹಾಗಾಗಿ ಬೇಕಂತ ಮಾಡದಿದ್ದರೂ ಪರಿಣಾಮ ಒಂದೇ. ನಮ್ಮ ಎರಡನೆಯವರು ಒಂದು ದಿನ ಕಾಲ್ ಮುಗಿದ ಮೇಲೆ ನನ್ನ ಮೇಜಿನ ಮೇಲೆ ಒಂದು ಖಾಲಿ ಹಾಳೆ ಇಟ್ಟರು. 'ಇದು ಈ ದಿನದ ನನ್ನ ಟಿಪ್ಪಣಿ' ಅಂದರು. ಬೇರೇನೂ ಹೇಳಲಿಲ್ಲ, ಹೋದರು. ಆ ಹಾಳೆ ಎಷ್ಟೋ ದಿನ ನನ್ನ ಡ್ರಾಯರ್‌ನಲ್ಲೇ ಇತ್ತು.

ಮಾರನೇ ವಾರದಿಂದ ನಾನು ಒಂದು ನಿಯಮ ಮಾಡಿದೆ. ಯಾರಾದರೂ ನಮ್ಮ ಭಾಷೆಗೆ ತಿರುಗಿದರೆ ಮಾತು ನಿಲ್ಲಿಸಿ, ಅಷ್ಟನ್ನೂ ಇಂಗ್ಲಿಷ್‌ನಲ್ಲಿ ಹೇಳಿ, ಅವರ ಅಭಿಪ್ರಾಯ ಕೇಳಿಯೇ ಮುಂದೆ ಹೋಗಬೇಕು. ಕಾಲ್ ಕಾಲು ಗಂಟೆ ಉದ್ದವಾಯಿತು. ಹೆಡ್ ಆಫೀಸಿನವರು ಗೊಣಗಿದರು. ಪರವಾಗಿಲ್ಲ, ತೀರ್ಮಾನಗಳು ಸರಿಯಾಗತೊಡಗಿದವು.

ಎಕ್ಸ್‌ಪ್ಯಾಟ್ ಒಳಗೆ ಏನು ನಡೆಯುತ್ತದೆ ಅಂತಲೂ ಹೇಳಬೇಕು. ಮೊದಲ ವರ್ಷ ಎಲ್ಲಿ ಏನಿದೆ ಅಂತ ತಿಳಿಯುವುದರಲ್ಲೇ ಕಳೆಯಿತು. ಎರಡನೇ ವರ್ಷ ಕೆಲಸ ಮಾಡಿದೆ. ಮೂರನೇ ವರ್ಷ ಅರ್ಧ ಮನಸ್ಸು ವಾಪಸ್ ಹೋದರೆ ಯಾವ ಹುದ್ದೆ ಅನ್ನುವುದರಲ್ಲಿತ್ತು. ಮನೆಯಲ್ಲಿ ಹೆಂಡತಿ ತನ್ನ ಕೆಲಸ ಬಿಟ್ಟು ಬಂದಿದ್ದಳು, ದಿನವಿಡೀ ಒಬ್ಬಳೇ. ರೋಸಲಿ ಟಂಗ್ ಅನ್ನುವ ಸಂಶೋಧಕಿ 1980ರ ದಶಕದ ಶುರುವಿನಲ್ಲಿ ಅಮೆರಿಕದ ಕಂಪನಿಗಳನ್ನು ಕೇಳಿದಾಗ, ಎಕ್ಸ್‌ಪ್ಯಾಟ್ ಸೋಲುವುದಕ್ಕೆ ಮೊದಲ ಕಾರಣ ಸಂಗಾತಿ ಹೊಂದಿಕೊಳ್ಳಲು ಆಗದಿರುವುದು ಅಂತ ಬಂದಿತ್ತು. ಜಪಾನಿನ ಕಂಪನಿಗಳಲ್ಲಿ ಮೊದಲ ಕಾರಣ ಬೇರೆ: ಹೊರದೇಶದ ಹುದ್ದೆಯ ದೊಡ್ಡ ಜವಾಬ್ದಾರಿ ಹೊರಲು ಆಗದಿರುವುದು. ನನಗೆ ಎರಡೂ ಇತ್ತು. ಯಾರ ಹತ್ತಿರವೂ ಹೇಳಿಕೊಳ್ಳುವಂತಿರಲಿಲ್ಲ.

ಎಷ್ಟೋ ಜನ ಎಕ್ಸ್‌ಪ್ಯಾಟ್‌ಗಳು ಅರ್ಧಕ್ಕೇ ವಾಪಸ್ ಓಡುತ್ತಾರೆ ಅಂತ ದೊಡ್ಡ ದೊಡ್ಡ ಶೇಕಡಾವಾರು ಹೇಳುವುದು ರೂಢಿ. ಆನ್‌ವಿಲ್ ಹಾರ್ಜಿಂಗ್ ಅನ್ನುವ ಸಂಶೋಧಕಿ 1995ರಲ್ಲಿ ಆ ಅಂಕಿಗಳ ಮೂಲ ಹುಡುಕಿಕೊಂಡು ಹೋದರೆ, ಗಟ್ಟಿ ಆಧಾರವೇ ಸಿಗಲಿಲ್ಲ. ಓಡಿಹೋಗುವವರು ಅಷ್ಟಿಲ್ಲ. ಉಳಿದುಕೊಂಡು, ಗೊತ್ತಿಲ್ಲ ಅಂತ ಒಪ್ಪಿಕೊಳ್ಳಲು ಹೆದರಿ, ಹೆಡ್ ಆಫೀಸ್ ಹೇಳಿದ್ದಕ್ಕೆಲ್ಲ ಹೂಂ ಅನ್ನುವವರೇ ಜಾಸ್ತಿ. ನಿಮ್ಮ 12 ದಿನದ ದಾಸ್ತಾನು ಅಂಥ ಒಂದು ಹೂಂ ಇರಬಹುದು.

ಬ್ಲ್ಯಾಕ್ ಮತ್ತು ಗ್ರೆಗರ್ಸನ್ ಅನ್ನುವ ಸಂಶೋಧಕರು 1992ರಲ್ಲಿ ಎಕ್ಸ್‌ಪ್ಯಾಟ್‌ಗಳ ನಿಷ್ಠೆಯ ಬಗ್ಗೆ ಬರೆದಿದ್ದಾರೆ. ಕೆಲವರ ಮನಸ್ಸು ಪೂರ್ತಿ ಹೆಡ್ ಆಫೀಸಿನಲ್ಲಿ. ಕೆಲವರು ಪೂರ್ತಿ ಸ್ಥಳೀಯರ ಕಡೆ ವಾಲುತ್ತಾರೆ. ಕೆಲವರಿಗೆ ಎರಡೂ ಬೇಡ, ತಮ್ಮ ದಾರಿ ಮಾತ್ರ. ಎರಡು ಕಡೆಗೂ ನಿಷ್ಠೆ ಇರುವವರು ನಾಲ್ಕನೇ ಗುಂಪು. ಬರುವವರು ಯಾವ ಗುಂಪು ಅಂತ ಮೊದಲ ಎರಡು ಮೂರು ತಿಂಗಳಲ್ಲಿ ಗೊತ್ತಾಗುತ್ತದೆ. ಅಷ್ಟರಲ್ಲೇ ನಿಮ್ಮ ದಾಸ್ತಾನಿನ ಕಥೆ ಹೇಳಿಬಿಡಿ. ದೂರಿನ ಥರ ಬೇಡ. 'ಹೀಗಾಯಿತು, ಈ ಸಲ ಹೀಗಾಗದ ಹಾಗೆ ನಾವಿಬ್ಬರೂ ಏನು ಮಾಡೋಣ' ಅಂತ ಕೇಳಿ. ನನಗೆ ಯಾರಾದರೂ ಮೊದಲ ತಿಂಗಳಲ್ಲೇ ಹಾಗೆ ಕೇಳಿದ್ದರೆ ಆ ಖಾಲಿ ಹಾಳೆಯ ಅಗತ್ಯವೇ ಇರುತ್ತಿರಲಿಲ್ಲ.

ಇನ್ನೊಂದು ಮಗ್ಗುಲು (ಉತ್ತರ)

ಎಲ್ಲರೂ ಸ್ಥಳೀಯರ ಪರ ಬರೆಯುತ್ತಿದ್ದೀರಿ. ನನ್ನ ಅನುಭವ ಉಲ್ಟಾ. ನಾನು ಕೆಳಗಿನ ಹಂತದಲ್ಲಿದ್ದಾಗ ನಮ್ಮ ಸ್ಥಳೀಯ ಮ್ಯಾನೇಜರ್ ತಮ್ಮ ಪರಿಚಯದವರನ್ನೇ ಸೇರಿಸಿಕೊಳ್ಳುತ್ತಿದ್ದರು. ಬಡ್ತಿಯೂ ಅವರಿಗೇ. ಹೊರಗಿನಿಂದ ಬಂದವರು ಮೊದಲ ಸಲ ನಮ್ಮೆಲ್ಲರ ಕೆಲಸದ ಪಟ್ಟಿ ತರಿಸಿ, ಹೆಸರು ಮುಚ್ಚಿ ನೋಡಿದರು. ಆ ವರ್ಷ ನನಗೆ ಬಡ್ತಿ ಸಿಕ್ಕಿತು. ಇಲ್ಲಿನ ಯಾರ ಹಂಗಿನಲ್ಲೂ ಇಲ್ಲದ ಒಬ್ಬರು ಕೆಲವೊಮ್ಮೆ ಬೇಕೇ ಬೇಕು. ಪ್ರಶ್ನೆ ಕೇಳಿದವರು ಹಾಗೆ ಅಂತ ಖಂಡಿತ ಹೇಳುತ್ತಿಲ್ಲ. ಆದರೆ ಹೆಡ್ ಆಫೀಸಿನವರ ತಲೆಯಲ್ಲಿ ಈ ಭಯ ಇರುತ್ತದೆ, ಅದಕ್ಕೆ ಕಾರಣವೂ ಇರುತ್ತದೆ. ಕುರ್ಚಿ ಕೇಳುವಾಗ ಅದಕ್ಕೂ ಉತ್ತರ ಇಟ್ಟುಕೊಳ್ಳಿ.

ಒಳಬಾಗಿಲು (ಉತ್ತರ)

ನಾನು ಹದಿನಾಲ್ಕು ವರ್ಷ ಸ್ಥಳೀಯ ಮ್ಯಾನೇಜರ್ ಆಗಿದ್ದು, ಈಗ ಘಟಕದ ಮುಖ್ಯಸ್ಥೆ. ನಾನು ಹೇಗೆ ಬಂದೆ ಅಂತ ಹೇಳುತ್ತೇನೆ.

ಬಾಸ್‌ಗೂ ನನಗೂ ಇದ್ದ ದೊಡ್ಡ ವ್ಯತ್ಯಾಸ ಕೆಲಸದ ಜ್ಞಾನವಲ್ಲ. ಅವರಿಗೆ ಹೆಡ್ ಆಫೀಸಿನಲ್ಲಿ ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಿತ್ತು. ಮೇಲ್‌ಗೆ ಬಾರದ ಉತ್ತರ ಅವರ ಫೋನ್‌ಗೆ ಬರುತ್ತಿತ್ತು. ಅದನ್ನು ಅರ್ಥ ಮಾಡಿಕೊಂಡ ದಿನ ನಾನು ಬಡ್ತಿ ಕೇಳುವುದನ್ನು ಬಿಟ್ಟೆ. ನನ್ನನ್ನು ಆರು ತಿಂಗಳು ಹೆಡ್ ಆಫೀಸಿಗೆ ಕಳಿಸಿ ಅಂತ ಕೇಳಿದೆ. ಘಟಕದಿಂದ ಹೆಡ್ ಆಫೀಸಿಗೆ ಹೋಗುವವರನ್ನು ಇನ್‌ಪ್ಯಾಟ್ ಅನ್ನುತ್ತಾರೆ. ಎರಡು ಸಲ ಬೇಡ ಅಂದರು, ಮೂರನೇ ಸಲ ಒಪ್ಪಿದರು.

ಅಲ್ಲಿ ನನಗೆ ದೊಡ್ಡ ಕೆಲಸ ಕೊಡಲಿಲ್ಲ. ಎಲ್ಲ ಘಟಕಗಳ ಬಂಡವಾಳ ವೆಚ್ಚದ ಬೇಡಿಕೆಗಳನ್ನು ಒಂದು ಹಾಳೆಗೆ ಇಳಿಸುವುದು, ಅಷ್ಟೇ. ಆದರೆ ನಮ್ಮ ಘಟಕದಿಂದ ನಾನೇ ಕಳಿಸಿದ್ದ ಒಂದು ಬೇಡಿಕೆ ಆ ರಾಶಿಯಲ್ಲಿ ಸಿಕ್ಕಿತು. 28 ಪುಟ. ಅದರ ಮೇಲೆ ಯಾರೋ ಪೆನ್ಸಿಲ್‌ನಲ್ಲಿ ಒಂದು ಸಾಲು ಬರೆದಿದ್ದರು: 'ಮಾಡದಿದ್ದರೆ ಏನಾಗುತ್ತದೆ?' ಆ 28 ಪುಟದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಆ ಬೇಡಿಕೆ ಹಾಗೇ ಬಿದ್ದಿದ್ದನ್ನು ನಾನು ಎರಡು ವರ್ಷ ಅವರ ನಿರ್ಲಕ್ಷ್ಯ ಅಂದುಕೊಂಡಿದ್ದೆ. ಅವರಿಗೆ ಬೇಕಾದ ಒಂದು ಸಾಲನ್ನು ನಾನು ಬರೆದಿರಲಿಲ್ಲ. ನಿಮ್ಮ ಎರಡು ಪುಟವನ್ನೂ ಒಮ್ಮೆ ಹಾಗೆ ನೋಡಿ. 24ರಲ್ಲಿ 9 ತಡ ಅಂತ ಇದೆ. ಲೈನ್ ಒಂದು ದಿನ ನಿಂತರೆ ನಷ್ಟ ಎಷ್ಟು, 18 ದಿನದ ದಾಸ್ತಾನು ಇಳಿಸಿದರೆ ಉಳಿತಾಯ ಎಷ್ಟು, ಅದು ಇದೆಯಾ? ಇದ್ದರೆ ಕ್ಷಮಿಸಿ.

ಸ್ಥಳೀಯರಿಗೆ ಕುರ್ಚಿ ಸಿಗುವುದಕ್ಕೆ ಕಂಪನಿಯ ಮನಸ್ಸೂ ಬದಲಾಗಬೇಕು, ಅದು ನಿಮ್ಮ ಕೈಯಲ್ಲಿ ಪೂರ್ತಿ ಇಲ್ಲ. ಪರ್ಲ್‌ಮಟರ್ ಅನ್ನುವ ಸಂಶೋಧಕರು 1969ರಲ್ಲೇ ಇದನ್ನು ಹೇಳಿದ್ದಾರೆ. ಕೆಲವು ಕಂಪನಿಗಳು ತಮ್ಮ ದೇಶದವರನ್ನೇ ನಂಬುತ್ತವೆ, ಕೆಲವು ಆಯಾ ದೇಶವನ್ನು ಅಲ್ಲಿನವರಿಗೇ ಬಿಡುತ್ತವೆ, ಕೆಲವು ಮಾತ್ರ ಯಾವ ದೇಶದವರಾದರೂ ಸರಿ ಅನ್ನುತ್ತವೆ. ಮನಸ್ಸು ಬದಲಾಗಲು ಕಾಲ ಹಿಡಿಯುತ್ತದೆ. ಯೂನಿಲಿವರ್‌ನ ಭಾರತದ ಕಂಪನಿಯಲ್ಲಿ ಪ್ರಕಾಶ್ ಟಂಡನ್ 1951ರಲ್ಲಿ ಮೊದಲ ಭಾರತೀಯ ನಿರ್ದೇಶಕರಾದರು. ಅಧ್ಯಕ್ಷರಾಗಿದ್ದು 1961ರಲ್ಲಿ. ನಡುವೆ ಹತ್ತು ವರ್ಷ. ನಿಮ್ಮ ಕಂಪನಿ ಎಲ್ಲಿದೆ ಅಂತ ತಿಳಿಯಲು ಸುಲಭದ ದಾರಿ ಇದೆ: ಬೇರೆ ಯಾವುದಾದರೂ ದೇಶದ ಘಟಕದಲ್ಲಿ ಅಲ್ಲಿನವರು ಮುಖ್ಯಸ್ಥರಾಗಿದ್ದಾರಾ ನೋಡಿ. ಒಬ್ಬರಾದರೂ ಇದ್ದರೆ ಕಾಯಬಹುದು. ಎಲ್ಲೂ ಇಲ್ಲ, ಯಾವತ್ತೂ ಇರಲಿಲ್ಲ ಅಂದರೆ ಹೊರಗೆ ಕೆಲಸ ನೋಡಿ. ಅದರಲ್ಲಿ ನಾಚಿಕೆ ಏನಿಲ್ಲ.

ಇನ್ನೊಂದು ಮಾತು. ನನಗೆ ಕುರ್ಚಿ ಕೊಟ್ಟ ತಿಂಗಳೇ ಹೆಡ್ ಆಫೀಸಿನಿಂದ ಒಬ್ಬ ಹಣಕಾಸು ಮುಖ್ಯಸ್ಥರನ್ನು ಕಳಿಸಿದರು. ಮೊದಲು ಬೇಸರವಾಯಿತು. ಹಿಡಿತ ಒಂದು ಕುರ್ಚಿಯಿಂದ ಇನ್ನೊಂದು ಕುರ್ಚಿಗೆ ಹೋಯಿತು, ಅಷ್ಟೇ. ಆದರೆ ನಾನು ಅವರಿಗೆ ಪ್ರತಿ ಸೋಮವಾರ ಅರ್ಧ ಗಂಟೆ ಕೊಟ್ಟೆ. ಕೇಳುವ ಮೊದಲೇ ಎಲ್ಲ ಅಂಕಿ ತೋರಿಸಿದೆ. ಈಗ ನನ್ನ ಪರವಾಗಿ ಹೆಡ್ ಆಫೀಸಿಗೆ ಫೋನ್ ಮಾಡುವವರು ಅವರೇ.

ಎರಡನೇ ಕುರ್ಚಿ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಧನ್ಯವಾದ. ಎರಡು ಸಲ ಓದಿದೆ. ನಿನ್ನೆ ರಾತ್ರಿ ನನ್ನ ಆ ಎರಡು ಪುಟ ತೆಗೆದು ನೋಡಿದೆ. ತಡವಾದ ದಿನಗಳೆಲ್ಲ ಇವೆ. ಒಂದು ದಿನ ಲೈನ್ ನಿಂತರೆ ಎಷ್ಟು ನಷ್ಟ ಅನ್ನುವುದು ಎಲ್ಲೂ ಇಲ್ಲ. ನನಗೆ ಆ ಲೆಕ್ಕ ಬಾಯಿಪಾಠ ಇತ್ತು, ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡಿದ್ದೆ. ಹಾಗಂತ ಆ ಹನ್ನೊಂದು ನಿಮಿಷ ಸರಿ ಅಂತ ನಾನು ಒಪ್ಪುವುದಿಲ್ಲ. ಅಲ್ಲಿ ಯಾರಾದರೂ ನನ್ನನ್ನು ಕೇಳಿದ್ದರೆ ಅರ್ಧ ನಿಮಿಷದಲ್ಲಿ ಹೇಳುತ್ತಿದ್ದೆ.

ಬೇರೆ ಘಟಕಗಳನ್ನೂ ನೋಡಿದೆ. ಎರಡು ದೇಶಗಳಲ್ಲಿ ಅಲ್ಲಿನವರೇ ಮುಖ್ಯಸ್ಥರು. ಒಬ್ಬರು ಹೆಡ್ ಆಫೀಸಿನಲ್ಲಿ ಒಂದು ವರ್ಷ ಇದ್ದು ಬಂದವರು. ಇನ್ನೊಬ್ಬರದ್ದು ಗೊತ್ತಾಗಲಿಲ್ಲ. ಸದ್ಯಕ್ಕೆ ರಾಜೀನಾಮೆ ಇಲ್ಲ.

ಎಚ್‌ಆರ್‌ಗೆ ಮೇಲ್ ಹಾಕಿದ್ದೇನೆ. ಉತ್ತರಾಧಿಕಾರಿಯ ಗುರಿ ಹೊಸಬರ ಒಪ್ಪಂದದಲ್ಲಿ ಇದೆಯಾ ಅಂತ ಒಂದು ಪ್ರಶ್ನೆ, ಹೆಡ್ ಆಫೀಸಿನಲ್ಲಿ ಆರು ತಿಂಗಳು ಕೆಲಸ ಮಾಡುವ ಅವಕಾಶಕ್ಕೆ ಒಂದು ಅರ್ಜಿ. 'ನೋಡಿ ಹೇಳುತ್ತೇವೆ' ಅಂತ ಉತ್ತರ ಬಂದಿದೆ. ಹ್ಯಾಂಡೋವರ್ ಫೈಲಿಗೆ ಮೊದಲ ಪುಟ ಹೊಸದಾಗಿ ಬರೆದೆ. ಅದರಲ್ಲಿ ಯಂತ್ರವೂ ಇಲ್ಲ, ಸರಬರಾಜುದಾರರೂ ಇಲ್ಲ. ದಾಸ್ತಾನಿನ ಕಥೆ ಇದೆ, ಆರು ದಿನದ ನಷ್ಟದ ಲೆಕ್ಕ ಇದೆ. ಕೆಳಗೆ ಒಂದು ಕೋರಿಕೆ: ಕಾಲ್‌ನಲ್ಲಿ ನಿಮ್ಮ ಭಾಷೆಗೆ ತಿರುಗಿದರೆ ದಯವಿಟ್ಟು ನಿಲ್ಲಿಸಿ ನನಗೂ ಹೇಳಿ. ಅವರು ಮುಂದಿನ ತಿಂಗಳು ಒಂದನೇ ತಾರೀಖು ಬರುತ್ತಾರೆ. ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ.